ಸಕ್ಕರೆಯ ಒಂಟೆ

ಬೋಗುಣಿಯ ಅಂಚಿಗೆ ಮೊದಲ ಗುಳ್ಳೆಗಳು ಹತ್ತಿಕೊಳ್ಳುತ್ತವೆ. ನೀವು ಒಲೆಯ ಮೇಲೆ ಬಾಗಿ ನೋಡುತ್ತೀರಿ. ಹಿಂದಿನಿಂದ ಆಯಿ ನಿಮ್ಮ ಅಂಗಿಯ ಚುಂಗು ಹಿಡಿದು ಜಗ್ಗುತ್ತಾಳೆ.

"ಮಾರಿ ಹಿಂದ ತಗೋ ತಮ್ಮಾ. ನೀರು ಸಿಡಿದ್ರ ಜಾರಿ ಹೋಗತೈತಿ. ಪಾಕ ಸಿಡಿದ್ರ ಹತ್ತಿಕೊಂಡು ಕುಂತು ಸುಡತೈತಿ."

ಧಾರವಾಡದಲ್ಲಿ ರಾತ್ರಿ ಹತ್ತು ದಾಟಿದೆ. ದೀಪಾವಳಿ ಕಳೆದು ಚಳಿ ಕಾಲಿಟ್ಟಿದೆ. ಅಡುಗೆಮನೆಯ ಕಲ್ಲುಹಾಸು ಅಂಗಾಲನ್ನು ಕೊರೆಯುತ್ತದೆ, ಮುಖಕ್ಕೆ ಮಾತ್ರ ಕಾವು ಬಡಿಯುತ್ತಿದೆ. ಬಲಗೈಗೆ ಸಿಗುವಂತೆ ಒಂದು ಬಕೆಟ್ ತಣ್ಣೀರು ಇದೆ. ಪಾಕ ಕೈಮೇಲೆ ಬಿದ್ದರೆ ಒರೆಸಲು ಹೋಗಬಾರದು, ಬಾಯಿಗೆ ಇಟ್ಟುಕೊಳ್ಳಬಾರದು, ಕೈಯನ್ನು ಸೀದಾ ಆ ನೀರಿಗೆ ಇಳಿಸಬೇಕು. ಬಕೆಟ್ಟನ್ನು ಅಲ್ಲಿ ಇಟ್ಟವಳು ಆಯಿ. ನೀವು ಅದರ ಕಡೆ ಮತ್ತೆ ಮತ್ತೆ ನೋಡುತ್ತೀರಿ.

ಬೋಗುಣಿಯಲ್ಲಿರುವುದು ಒಂದು ಕಿಲೋ ಸಕ್ಕರೆ, ಅದು ಮುಳುಗುವಷ್ಟು ನೀರು, ಅಷ್ಟೇ. ಕುದಿ ಹತ್ತಿದ ಮೇಲೆ ಆಯಿ ಎರಡು ಚಮಚ ಹಾಲು ಬಿಡುತ್ತಾಳೆ. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ನಡುವಿನಿಂದ ಬೂದುಬಣ್ಣದ ನೊರೆ ಎದ್ದು ಅಂಚಿಗೆ ಹರಿಯುತ್ತದೆ, ಬಿಸಿಗೆ ಒಡೆದ ಹಾಲಿನ ವಾಸನೆ ಮೂಗಿಗೆ ಬರುತ್ತದೆ. ಅಷ್ಟು ಬೆಳ್ಳಗೆ ಕಾಣುತ್ತಿದ್ದ ಸಕ್ಕರೆಯೊಳಗೆ ಇಷ್ಟು ಕೊಳೆ ಇತ್ತೇ ಎಂದು ನೀವು ಬೆರಗಾಗುತ್ತೀರಿ. ಹಾಲು ಒಡೆದಾಗ ಅದರ ಕಣಗಳು ಕೊಳೆಯನ್ನು ಹಿಡಿದುಕೊಂಡು ಮೇಲೆ ತರುತ್ತವೆ. ಆ ನೊರೆಯನ್ನು ತೆಗೆದು, ಹಳೆಯ ಧೋತರದ ಒದ್ದೆ ತುಂಡಿನಲ್ಲಿ ಪಾಕ ಸೋಸಿದಾಗ ಕೆಳಗಿನ ಪಾತ್ರೆಯ ತಳ ಸ್ಪಷ್ಟವಾಗಿ ಕಾಣುತ್ತದೆ.

ಗೌರಿ ಹುಣ್ಣಿಮೆ ಬಾಗಿಲಿಗೆ ಬಂದಿದೆ. ಕಾರ್ತಿಕದ ಈ ಹುಣ್ಣಿಮೆಗೆ, ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆ, ತಲೆಗೆ ಮುಡಿಯುವ ಹೂವಿನ ದಂಡೆ, ಸಕ್ಕರೆ ಆರತಿ ಹೋಗಬೇಕು. ಸಂಜೆ ಆಕೆ ಆ ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿ ಜೋಡಿಸಿ, ನಡುವೆ ದೀಪ ಹಚ್ಚಿ, ಓಣಿಯ ಹುಡುಗಿಯರ ಜೊತೆ ಗೌರಿಗೆ ಬೆಳಗಲು ಹೋಗುತ್ತಾಳೆ. ಪೇಟೆಯಲ್ಲಿ ಈ ದಿನಗಳಲ್ಲಿ ಬಿಳಿ, ಗುಲಾಬಿ, ಹಳದಿ ಗೊಂಬೆಗಳನ್ನು ರಾಶಿ ಹಾಕಿ ತೂಕದ ಮೇಲೆ ಮಾರುತ್ತಾರೆ. ಯಾರೂ ಮನೆಯಲ್ಲಿ ಒಲೆ ಹೊತ್ತಿಸಬೇಕಿಲ್ಲ. ನಿಮ್ಮ ಅವ್ವ ಸೀರೆಯ ಜೊತೆಗೇ ಅದನ್ನೂ ತಂದುಬಿಡೋಣ ಎಂದಿದ್ದಳು. ನಾನೇ ಮಾಡುತ್ತೇನೆ ಎಂದವರು ನೀವು.

ಕಾರಣವನ್ನು ಅವ್ವನಿಗೆ ಹೇಳಿಲ್ಲ.

ಹೆಣ್ಣು ನೋಡಲು ಗದಗಿಗೆ ಹೋದ ದಿನ ಅವರ ಮನೆಯ ಪಡಸಾಲೆಯ ಬಾಗಿಲಲ್ಲಿ ನೀವು ಬಗ್ಗಿಯೇ ಒಳಗೆ ಕಾಲಿಟ್ಟಿರಿ. ಬಗ್ಗಿದ್ದು ಸಾಲಲಿಲ್ಲ. ತೊಲೆಗೆ ಹಣೆ ಬಡಿದ ಸದ್ದು ಹಿರಿಯರ ಮಾತನ್ನೆಲ್ಲ ನಿಲ್ಲಿಸಿತು. ಒಳಗಿನ ಕೋಣೆಯಿಂದ ಯಾರೋ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕದ್ದು ನಿಮಗೆ ಕೇಳಿಸಿತು. ನಿಶ್ಚಯವಾದ ಮೇಲೆ ಒಂದು ರಾತ್ರಿ ಫೋನಿನಲ್ಲಿ ಆ ನಗು ಮತ್ತೆ ಕೇಳಿಸಿತು. "ನೀವು ಬಗ್ಗಿ ಬರೂದು ನೋಡಿ ನಮ್ಮನ್ಯಾಗ ಒಂಟಿ ಹೊಕ್ಕಂಗ ಆತ್ರೀ," ಎಂದಳು. ಎಂದವಳೇ ಗಾಬರಿಯಾಗಿ, "ತಪ್ಪು ತಿಳ್ಕೋಬ್ಯಾಡ್ರಿ," ಎಂದಳು. ನೀವು ಆ ಕಡೆ ಮಾತಿಲ್ಲದೆ ಉಳಿದಿರಿ. ನಿಮಗೆ ಸಿಟ್ಟು ಬಂದಿದೆ ಎಂದು ಆಕೆ ಅಂದುಕೊಂಡಿರಬೇಕು. ನಿಜಕ್ಕೂ ನೀವು ಕತ್ತಲಲ್ಲಿ ಹಲ್ಲು ಬಿಟ್ಟುಕೊಂಡು ಕುಳಿತಿದ್ದಿರಿ. ಅಲ್ಲಿಯವರೆಗೆ ನಿಮ್ಮಿಬ್ಬರ ನಡುವೆ ಊಟ ಆತೇನ್ರಿ, ಮಳಿ ಆತೇನ್ರಿ ಎಂಬುದರಾಚೆ ಮಾತು ದಾಟಿರಲಿಲ್ಲ.

ಆ ನಗುವಿಗೆ ಒಂದು ಉತ್ತರ ಕೊಡಬೇಕಾಗಿದೆ. ಅದು ಎರಡು ಮನೆಯ ಹಿರಿಯರ ಕೈದಾಟಿ ಹೋಗಬೇಕು, ಆದರೆ ಆಕೆಗೊಬ್ಬಳಿಗೇ ತಿಳಿಯಬೇಕು.

ಆಯಿಯ ಕಬ್ಬಿಣದ ಟ್ರಂಕಿನಲ್ಲಿ ಸಾಗವಾನಿ ಅಚ್ಚುಗಳಿವೆ. ಗೋಪುರ, ಬಸವಣ್ಣ, ಆನೆ, ಕುದುರೆ, ಗಿಳಿ, ತುಳಸಿ ವೃಂದಾವನ. ತಳದಲ್ಲಿ ಅರಿವೆಯಲ್ಲಿ ಸುತ್ತಿಟ್ಟ ಒಂದು ಒಂಟೆ. ಅದನ್ನು ಎತ್ತಿದಾಗ ಆಯಿ ನಿಮ್ಮ ಮುಖ ನೋಡಿದಳು. ಏನು ಕಂಡಿತೋ, ಕೇಳಲಿಲ್ಲ. "ಅದರ ಕಾಲು ಭಾಳ ಸಣ್ಣವು. ನಮ್ಮತ್ತಿ ಕಾಲದಾಗೂ ಹತ್ತರಾಗ ಎರಡು ಬಂದ್ರ ಹೆಚ್ಚು," ಎಂದು ಮಾತ್ರ ಹೇಳಿದಳು.

ಅಚ್ಚುಗಳು ನಿನ್ನೆ ರಾತ್ರಿಯಿಂದ ನೀರಿನಲ್ಲಿ ನೆನೆದಿವೆ. ಒಣ ಕಟ್ಟಿಗೆ ಪಾಕವನ್ನು ಕುಡಿದುಬಿಡುತ್ತದೆ. ಆಮೇಲೆ ಗೊಂಬೆ ಬಿಡಿಸಲು ಹೋದರೆ ಅರ್ಧ ಅಚ್ಚಿನಲ್ಲೇ ಉಳಿಯುತ್ತದೆ. ಕಟ್ಟಿಗೆಗೆ ನೀರು ಸಾಕಾಗಿದ್ದರೆ ಪಾಕಕ್ಕೆ ಅಂಟಲು ಜಾಗವಿರುವುದಿಲ್ಲ. ನೀವು ಎರಡು ಹೋಳನ್ನು ಕೂಡಿಸಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯುತ್ತೀರಿ. ಪಟ್ಟಿ ಬೆರಳ ಗಿಣ್ಣಿಗೆ ಚುರುಕ್ ಎಂದು ಬಡಿಯುತ್ತದೆ. ಅಚ್ಚನ್ನು ಒದ್ದೆ ಅರಿವೆಯ ಮೇಲೆ ತಲೆಕೆಳಗಾಗಿ ನಿಲ್ಲಿಸುತ್ತೀರಿ, ಗೊಂಬೆಯ ಪೀಠ ಮೇಲೆ ಬರುವಂತೆ. ಪಾಕ ಹೊಯ್ಯುವ ಬಾಯಿ ಅದೇ.

ಗೋಪುರ ಸಲೀಸಾಗಿ ಬರುತ್ತದೆ. ಬಸವಣ್ಣ, ಎರಡು ಆನೆ, ಗಿಳಿಗಳು, ಎಲ್ಲ ಆಯಿಯ ಮಾತಿನ ಪ್ರಕಾರ ಒಂದರ ಹಿಂದೆ ಒಂದು ಹೊರಬೀಳುತ್ತವೆ. ಗಿಳಿಯ ಪಾಕಕ್ಕೆ ಚಿಟಿಕೆ ಗುಲಾಬಿ ಬಣ್ಣ. ಬೀಗರ ಮನೆಗೆ ಕೊಡಲು ಇಷ್ಟು ಸಾಕು. ಆಯಿ ಮಣೆಯ ಮೇಲೆ ಕುಳಿತು ಗೋಡೆಗೆ ಒರಗುತ್ತಾಳೆ. "ಇನ್ನ ನಿನ್ನ ಒಂಟಿ, ನಿನ್ನ ಕೈ."

ಸಣ್ಣ ಪಾತ್ರೆಗೆ ಎರಡು ಸೌಟು ಪಾಕ ಸುರಿದು ಒಲೆಗೇರಿಸುತ್ತೀರಿ.

ಈಗ ಕಿವಿ ಕೆಲಸ ಮಾಡಬೇಕು. ಮೊದಲು ಗುಳ್ಳೆಗಳು ಸಣ್ಣಗೆ, ಗಡಿಬಿಡಿಯಾಗಿ ಒಡೆಯುತ್ತವೆ. ನೀರು ಹಾರಿದಂತೆ ಸದ್ದು ದಪ್ಪವಾಗುತ್ತದೆ, ಗುಳ್ಳೆ ನಿಧಾನವಾಗುತ್ತದೆ. ತಣ್ಣನೆಯ ನೀರು ತನ್ನ ತೂಕದ ಎರಡು ಪಟ್ಟು ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ, ಕುದಿಯುವ ನೀರು ಸುಮಾರು ಐದು ಪಟ್ಟು. ಈ ಪಾತ್ರೆಯಲ್ಲಿ ಈಗ ಇರುವುದು ಅದಕ್ಕಿಂತಲೂ ದಟ್ಟವಾದ ಪಾಕ, 110 ಡಿಗ್ರಿ ದಾಟಿದ ಬಿಸಿ. ಕೆಳಗಿಳಿಸಿದ ಕ್ಷಣದಿಂದ ಆ ಸಕ್ಕರೆಗೆ ಕರಗಿ ಉಳಿಯಲು ಜಾಗ ಸಾಲುವುದಿಲ್ಲ. ಅದು ಹರಳಾಗಲು ಒಂದು ನೆಪ ಹುಡುಕುತ್ತಿರುತ್ತದೆ. ಹುಟ್ಟಿನಿಂದ ಪಾತ್ರೆಯ ಮಗ್ಗುಲನ್ನು ತಿಕ್ಕಿದರೆ ಆ ನೆಪ ಸಿಗುತ್ತದೆ.

ತೆಗೆದ ಒಂದು ಹನಿಯನ್ನು ನೀರಿನ ಬಟ್ಟಲಿಗೆ ಬಿಡುತ್ತೀರಿ. ಎರಡು ಬೆರಳ ನಡುವೆ ಅದು ಮೆತ್ತನೆ ಗುಂಡಾಗುತ್ತದೆ. ಇಳಿಸಬಹುದು.

ಇಳಿಸುತ್ತೀರಿ, ತಿಕ್ಕುತ್ತೀರಿ. ತಿಳಿಯಾಗಿದ್ದ ಪಾಕದಲ್ಲಿ ಮಸುಕು ಮೂಡುತ್ತದೆ. ಆಯಿ ಹೇಳಿದ್ದು ಹಾಲಿನ ಬಣ್ಣ ಬರುವ ಮೊದಲು ಹೊಯ್ಯಬೇಕು ಎಂದು. ಆದರೆ ಎಷ್ಟು ಮೊದಲು? ತೀರ ಮುಂಚೆ ಹೊಯ್ದರೆ ಗೊಂಬೆಯೊಳಗೆ ದಪ್ಪ ಹರಳು ಕಟ್ಟಿ ಮೈ ಒರಟಾಗುತ್ತದೆ, ಕೆಲವೊಮ್ಮೆ ಗಟ್ಟಿಯಾಗುವುದೇ ಇಲ್ಲ. ತಡ ಮಾಡಿದರೆ ಪಾಕ ಸಣ್ಣ ಕಾಲಿಗೆ ಇಳಿಯುವುದಿಲ್ಲ. ಇನ್ನೊಂದು ಸುತ್ತು ತಿಕ್ಕಲೇ? ತಿಕ್ಕುತ್ತೀರಿ. ಇನ್ನೊಂದು? ಹುಟ್ಟಿನ ಸದ್ದು ಬದಲಾಗುತ್ತದೆ. ಸರಸರ ಎನ್ನುತ್ತಿದ್ದದ್ದು ಗರಗರ ಎನ್ನುತ್ತದೆ. ಪಾತ್ರೆ ಎತ್ತುತ್ತೀರಿ. ಹೊಯ್ಯುವ ಹೊತ್ತಿಗೆ ಪಾಕ ತಳದಲ್ಲೇ ನಿಂತುಬಿಟ್ಟಿದೆ. ಬಿಳಿ, ಗಟ್ಟಿ, ಹುಟ್ಟು ಅದರೊಳಗೆ ಸಿಕ್ಕಿಕೊಂಡಿದೆ.

ಕಿವಿಯಲ್ಲಿ ರಕ್ತ ಬಡಿಯುವುದು ನಿಮಗೆ ಕೇಳಿಸುತ್ತದೆ. ಆಯಿ ಕಣ್ಣು ತೆರೆಯದೆ ಹೇಳುತ್ತಾಳೆ: "ನೀರು ಹಾಕಿ ಮತ್ತ ಕಾಸು. ಸಕ್ಕರಿ ಎಲ್ಲಿ ಹೋಗತೈತಿ?"

ಸಕ್ಕರೆಯಲ್ಲಿ ನನಗೆ ಬಹಳ ಇಷ್ಟವಾದ ಗುಣ ಇದು. ಮಣ್ಣು ಸುಟ್ಟ ಮೇಲೆ ಮತ್ತೆ ಕೆಸರಾಗುವುದಿಲ್ಲ, ಸುಣ್ಣ ಹಿಡಿದ ಮೇಲೆ ಬಿಡುವುದಿಲ್ಲ. ಸಕ್ಕರೆಗೆ ಒಂದಿಷ್ಟು ನೀರು, ಒಂದಿಷ್ಟು ಬೆಂಕಿ ಕೊಟ್ಟರೆ ನಡೆದದ್ದನ್ನೆಲ್ಲ ಮರೆತು ಮತ್ತೆ ಮೊದಲಿನಂತಾಗಿ ಕರಗುತ್ತದೆ.

ಕರಗುತ್ತದೆ. ಈ ಸಲ ಆಯಿ ಎದ್ದು ಬಂದು ನಿಂಬೆಹಣ್ಣಿನ ಎರಡೇ ಹನಿ ಹಿಂಡುತ್ತಾಳೆ. ಹುಳಿ ಸಕ್ಕರೆಯ ಒಂದು ಪಾಲನ್ನು ಒಡೆಯುತ್ತದೆ. ಒಡೆದ ಪಾಲು ಹರಳು ಕಟ್ಟುವ ಅವಸರಕ್ಕೆ ಅಡ್ಡ ನಿಲ್ಲುತ್ತದೆ, ನಿಮಗೆ ಒಂದಿಷ್ಟು ಹೊತ್ತು ಸಿಗುತ್ತದೆ. ನಾಲ್ಕು ಹನಿ ಹೆಚ್ಚಾದರೆ ಒಂಟೆ ಜನ್ಮದಲ್ಲಿ ಗಟ್ಟಿಯಾಗುವುದಿಲ್ಲ. ಆಯಿ ಉಳಿದ ಹೋಳನ್ನು ನಿಮ್ಮ ಕೈಗೆಟುಕದಂತೆ ಕಿಟಕಿಯ ಮೇಲಿಡುತ್ತಾಳೆ.

ಕುದಿ. ಸದ್ದು ದಪ್ಪವಾಗುತ್ತದೆ. ಹನಿ ನೀರಿಗೆ. ಮೆತ್ತನೆ ಗುಂಡು. ಇಳಿಸಿ. ತಿಕ್ಕುತ್ತೀರಿ. ಕಣ್ಣು ಮಿಟುಕಿಸಬೇಡಿ. ಒಂದು ಮಗ್ಗುಲಲ್ಲಿ ಹೊಗೆಯ ಎಳೆಯಷ್ಟು ಬಿಳುಪು ತೇಲುತ್ತದೆ. ಈಗಲೇ? ಎತ್ತಿ. ಇಕ್ಕಳ ನಡುಗುತ್ತದೆ, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿಯುತ್ತೀರಿ. ಪಾಕ ದಾರವಾಗಿ ಇಳಿಯುತ್ತದೆ, ಪೀಠದ ಬಾಯಿಯೊಳಗೆ, ಕಾಲುಗಳ ಮೂಲಕ ಹೊಟ್ಟೆಗೆ, ಡುಬ್ಬಕ್ಕೆ, ಕುತ್ತಿಗೆಗೆ. ಒಳಗಿನಿಂದ ಒಂದು ಗುಳ್ಳೆ ಬುಳಕ್ ಎಂದು ಮೇಲೆ ಬರುತ್ತದೆ. ಸಂದಿಯಲ್ಲಿ ಒಂದು ಹನಿ ಜಿನುಗುತ್ತದೆ, ಒದ್ದೆ ಅರಿವೆಗೆ ತಾಕಿ ಅಲ್ಲೇ ಗಟ್ಟಿಯಾಗುತ್ತದೆ. ಒಂದು ಹನಿ ಹೆಬ್ಬೆರಳ ಬುಡಕ್ಕೆ ಬೀಳುತ್ತದೆ. ನೀವು ಕೂಗುವುದಿಲ್ಲ. ಹೊಯ್ಯುವುದನ್ನು ನಿಲ್ಲಿಸುವುದೂ ಇಲ್ಲ, ಏಕೆಂದರೆ ನಡುವೆ ನಿಂತರೆ ಅಲ್ಲೊಂದು ಪದರವಾಗಿ ಒಂಟೆ ಸೊಂಟಕ್ಕೇ ಮುರಿಯುತ್ತದೆ. ಬಾಯಿ ತುಂಬಿತು. ಪಾತ್ರೆ ಕೆಳಗೆ. ಕೈ ಬಕೆಟ್ಟಿಗೆ.

ನೀರೊಳಗೆ ಹೆಬ್ಬೆರಳು ತನ್ನದೇ ನಾಡಿಯಲ್ಲಿ ಮಿಡಿಯುತ್ತದೆ. ಆಯಿ ಬಾಗಿ ನೋಡಿ, "ಸಣ್ಣದೈತಿ," ಎನ್ನುತ್ತಾಳೆ.

ಕಾಯಬೇಕು. ಅಚ್ಚಿನ ಮೇಲೆ ಅಂಗೈ ಇಟ್ಟರೆ ಕಟ್ಟಿಗೆಯ ಒಳಗಿನಿಂದ ಶಾಖ ಬರುವುದು ಗೊತ್ತಾಗುತ್ತದೆ. ಓಣಿಯಲ್ಲಿ ನಾಯಿ ಬೊಗಳಿ ಸುಮ್ಮನಾಗುತ್ತದೆ. ಶಾಖ ಇಳಿಯುತ್ತದೆ. ಬಿಚ್ಚಬಹುದು ಎಂದು ಆಯಿ ಗೋಣು ಹಾಕುತ್ತಾಳೆ.

ಪಟ್ಟಿ ಬಿಚ್ಚಿ, ಬೆರಳಿನಿಂದ ಅಚ್ಚಿನ ಬೆನ್ನಿಗೆ ಒಂದು ಪೆಟ್ಟು. ಮೇಲಿನ ಹೋಳು ಚಪ್ ಎಂದು ಬಿಟ್ಟುಕೊಳ್ಳುತ್ತದೆ. ಅಲ್ಲಿ ಮಲಗಿದೆ ಒಂಟೆ. ಬೆಚ್ಚಗೆ, ತೇವವಾಗಿ, ಅಚ್ಚಬಿಳಿ. ಡುಬ್ಬದ ಮೇಲೆ ಬಡಿಗನ ಉಳಿಯ ಗೆರೆಗಳು ಕೂಡ ಮೂಡಿವೆ. ಒಂದು ಕಿವಿ ತುಂಬಿಲ್ಲ. ಇರಲಿ. ಆದರೆ ನಾಲ್ಕು ಕಾಲುಗಳ ನಡುವೆ ಸಕ್ಕರೆಯ ತೆಳು ಪೊರೆ ಹಬ್ಬಿಕೊಂಡಿದೆ. ಒಂಟೆ ಒಂದು ಗೋಡೆಯ ಮೇಲೆ ಕುಳಿತ ಹಾಗೆ ಕಾಣುತ್ತದೆ.

"ಹಂಗ ಬಿಡು," ಎನ್ನುತ್ತಾಳೆ ಆಯಿ. "ಆ ಪರಿ ಇದ್ರನ ಕಾಲು ಉಳೀತಾವ. ಪ್ಯಾಟ್ಯಾಗಿನ ಗೊಂಬಿ ಎಲ್ಲಾ ಹಂಗ ಇರ್ತಾವ."

ಅದು ಸರಿಯಾದ ಮಾತು. ಪೊರೆ ಬಿಟ್ಟರೆ ಒಂಟೆ ಗದಗ ಮುಟ್ಟುತ್ತದೆ. ಆದರೆ ಆಕೆ ನಕ್ಕದ್ದು ಆ ಉದ್ದ ಕಾಲಿಗೆ. ಕಾಲು ಕಾಣದಿದ್ದರೆ ಇದು ಪೇಟೆಯ ಇನ್ನೊಂದು ಗೊಂಬೆ, ತಟ್ಟೆಯ ಮೂಲೆಯಲ್ಲಿ ಕೂತು ಹೋಗುತ್ತದೆ. ತೀರ್ಮಾನಕ್ಕೆ ಹೆಚ್ಚು ಹೊತ್ತಿಲ್ಲ. ಈಗ ಸಕ್ಕರೆಯಲ್ಲಿ ಇನ್ನೂ ತೇವವಿದೆ, ಕೊರೆದರೆ ಪುಡಿಯಾಗಿ ಉದುರುತ್ತದೆ. ಬೆಳಗಾದರೆ ಒಣಗಿ, ಮುಟ್ಟಿದರೆ ಟಣ್ ಎಂದು ಸೀಳುತ್ತದೆ.

ನೀವು ದಬ್ಬಳ ಕೇಳುತ್ತೀರಿ. ಆಯಿ ಬೇಡ ಎನ್ನುವುದಿಲ್ಲ, ಎದ್ದು ತಂದುಕೊಡುತ್ತಾಳೆ.

ಉಸಿರು ಬಿಗಿಹಿಡಿದು ಪೊರೆಯ ಅಂಚಿನಲ್ಲಿ ದಬ್ಬಳ ಎಳೆಯುತ್ತೀರಿ. ಬಿಳಿ ಪುಡಿ ಉಗುರ ಸಂದಿಗೆ ತುಂಬುತ್ತದೆ. ಮೊದಲ ಕಿಂಡಿ ತೆರೆಯಿತು. ಒಂಟೆಯ ಮುಂಗಾಲು ಮೊದಲ ಸಲ ಕಾಲಾಗಿ ನಿಂತಿತು. ಎರಡನೆಯದು. ನಾಲಿಗೆ ಹಲ್ಲುಗಳ ನಡುವೆ ಸಿಕ್ಕಿದೆ, ನಿಮಗೆ ಅದು ಗೊತ್ತಿಲ್ಲ. ಹಿಂಗಾಲಿನ ನಡುವೆ ದಬ್ಬಳ ತಿರುವುತ್ತೀರಿ. ಪಟ್.

ಸದ್ದು ಬಹಳ ಸಣ್ಣದು. ಹಿಂಗಾಲು ಮೊಣಕಾಲಿನ ಹತ್ತಿರ ತುಂಡಾಗಿ ನಿಮ್ಮ ಅಂಗೈಗೆ ಬಿದ್ದಿದೆ.

ಇನ್ನೊಂದು ಒಂಟೆಗೆ ಆಗುವಷ್ಟು ಪಾಕ ಉಳಿದಿದೆ. ಮತ್ತೆ ಹೊಯ್ದರೆ ಮತ್ತೆ ಅದೇ ಕಾಲು, ಅದೇ ದಬ್ಬಳ. ಇಲ್ಲವೇ ಇದನ್ನೇ ಕೂಡಿಸಬಹುದು. ನೀವು ಒಂದು ಚಮಚ ಪಾಕ ಕಾಸಿ, ಕಡ್ಡಿಯ ತುದಿಯಿಂದ ಮುರಿದ ಜಾಗಕ್ಕೆ ಒಂದೇ ಹನಿ ಹಚ್ಚಿ, ತುಂಡನ್ನು ಒತ್ತಿ ಹಿಡಿಯುತ್ತೀರಿ. ಬಿಸಿ ಬೆರಳ ತುದಿಗೆ ಏರುತ್ತದೆ. ಬಿಡುವ ಹಾಗಿಲ್ಲ. ಅಲುಗಾಡಿದರೆ ಹರಳು ಹರಳನ್ನು ಹಿಡಿಯುವುದಿಲ್ಲ. ಬೊಬ್ಬೆ ಎದ್ದ ಹೆಬ್ಬೆರಳು ಮತ್ತೆ ಉರಿಯತೊಡಗುತ್ತದೆ. ಆಯಿ ನಿಮ್ಮ ಮೊಣಕೈಯ ಕೆಳಗೆ ತನ್ನ ಅಂಗೈ ಕೊಟ್ಟು ಆನಿಸಿ ಹಿಡಿಯುತ್ತಾಳೆ. ಇಬ್ಬರೂ ಹಾಗೇ ನಿಲ್ಲುತ್ತೀರಿ. ಬಿಟ್ಟಾಗ ಕಾಲು ನಿಂತಿದೆ, ಮೊಣಕಾಲಿನಲ್ಲಿ ಒಂದು ಗಂಟು ಮಾತ್ರ ಉಬ್ಬಿದೆ.

ಗೊಂಬೆಗಳನ್ನೆಲ್ಲ ಪರಾತದಲ್ಲಿ ಜೋಡಿಸಿ, ಪರಾತವನ್ನು ನೀರಿನ ತಟ್ಟೆಯೊಳಗಿನ ಬಟ್ಟಲ ಮೇಲೆ ಕೂರಿಸುತ್ತೀರಿ. ಇರುವೆಗಳಿಗೆ ಈ ಸುದ್ದಿ ಆಗಲೇ ಮುಟ್ಟಿದೆ.

ಹುಣ್ಣಿಮೆಯ ದಿನ ಬಸ್ಸಿನಲ್ಲಿ ಅವ್ವ ಕಿಟಕಿಗೆ, ವೈನಿ ನಡುವೆ, ನೀವು ತುದಿಗೆ, ತೊಡೆಯ ಮೇಲೆ ಬುಟ್ಟಿ. ಗೊಂಬೆಗಳು ಚುರುಮುರಿಯಲ್ಲಿ ಹೂತುಕೊಂಡಿವೆ. ಹುಲ್ಲಿಗಿಂತ ಅದು ಮೆತ್ತಗೆ, ತಿನ್ನಲೂ ಬರುತ್ತದೆ. ಒಂಟೆಗೆ ಮಾತ್ರ ಬೇರೆಯದೇ ಸ್ಟೀಲ್ ಡಬ್ಬಿ, ಅದು ಬುಟ್ಟಿಯ ತಳದಲ್ಲಿದೆ. ಹುಬ್ಬಳ್ಳಿ ದಾಟಿದ ಮೇಲೆ ಎರಡೂ ಕಡೆ ಎರೆಹೊಲ, ಬಿರಿದ ಹತ್ತಿ, ಮೊಣಕಾಲೆತ್ತರದ ಹಿಂಗಾರಿ ಜೋಳ. ನೀವು ಯಾವುದನ್ನೂ ನೋಡುವುದಿಲ್ಲ. ಮುಂದಿನ ಗಾಲಿಯ ಮೇಲೆ ಕಣ್ಣಿಟ್ಟವರ ರೀತಿ ರಸ್ತೆಯ ಪ್ರತಿ ಉಬ್ಬನ್ನೂ ಮೊದಲೇ ಗುರುತಿಸಿ, ಬುಟ್ಟಿಯನ್ನು ತೊಡೆಯಿಂದ ಅರ್ಧ ಗೇಣು ಎತ್ತಿ ಹಿಡಿಯುತ್ತೀರಿ. ಅಣ್ಣಿಗೇರಿಯ ಹೊತ್ತಿಗೆ ತೋಳು ಕಲ್ಲಾಗಿದೆ. ಚಾಲಕ ಏಕಾಏಕಿ ಬ್ರೇಕ್ ಒತ್ತುತ್ತಾನೆ. ಬುಟ್ಟಿಯೊಳಗೆ ಏನೋ ಡಬ್ಬಿಗೆ ತಾಕಿ ಠಕ್ ಎನ್ನುತ್ತದೆ. ತೆರೆದು ನೋಡುವ ಧೈರ್ಯ ನಿಮಗೆ ಇಲ್ಲ.

ಗದಗಿನ ಮನೆಯ ತುಂಬ ಹೆಂಗಸರು. ಸೇವಂತಿಗೆಯ ದಂಡೆಯ ವಾಸನೆ, ತುಪ್ಪದ ಹೂಬತ್ತಿಯ ವಾಸನೆ. ಆಕೆ ಒಳಬಾಗಿಲಿನ ಹತ್ತಿರ ಗೋಡೆಗೆ ಆತು ನಿಂತಿದ್ದಾಳೆ, ನಿಮ್ಮ ಕಡೆ ನೋಡುತ್ತಿಲ್ಲ. ನಿಮ್ಮ ಲೆಕ್ಕದಲ್ಲಿ ಬುಟ್ಟಿ ಒಳಗೆ ಹೋಗಬೇಕು, ಆಕೆಯೇ ಬಿಚ್ಚಬೇಕು, ಡಬ್ಬಿ ಆಕೆಯ ಕೈಗೇ ಸಿಗಬೇಕು. ಹಾಗಾಗುವುದಿಲ್ಲ. ಆಕೆಯ ಸೋದರತ್ತೆ ಪಡಸಾಲೆಯ ನಡುವೆಯೇ ಬುಟ್ಟಿ ಇಳಿಸಿ ಒಂದೊಂದನ್ನೇ ಹೊರತೆಗೆಯುತ್ತಾರೆ. ಗೋಪುರ ಬಂತು, ಎಲ್ಲರೂ ಹೊಗಳಿದರು. ಬಸವಣ್ಣ. ಆನೆ. "ಮನ್ಯಾಗ ಮಾಡೀರೇನ್ರೀ?" ಎಂದು ಯಾರೋ ಕೇಳುತ್ತಾರೆ, ಅವ್ವ ಹೆಮ್ಮೆಯಿಂದ ನಿಮ್ಮ ಕಡೆ ಕೈ ತೋರುತ್ತಾಳೆ. ಅತ್ತೆಯ ಕೈ ತಳಕ್ಕೆ ಹೋಗುತ್ತದೆ. ಡಬ್ಬಿ. ಮುಚ್ಚಳ ಬಿಗಿಯಾಗಿದೆ, ಬರಲಿಕ್ಕಿಲ್ಲ, ಬರದಿರಲಿ. ಬರುತ್ತದೆ.

ಒಂಟೆ ಅವರ ಅಂಗೈ ಮೇಲೆ ನಿಂತಿದೆ. ನಾಲ್ಕೂ ಕಾಲಿನ ಮೇಲೆ.

"ಅಯ್ಯ, ಇದೇನವ್ವಾ," ಎನ್ನುತ್ತಾರೆ ಅತ್ತೆ. "ಗೌರವ್ವನ ಆರತ್ಯಾಗ ಒಂದ ಒಂಟಿ ಯಾಕ?"

ಮಾತು ನಿಲ್ಲುತ್ತದೆ. ಅವ್ವ ನಿಮ್ಮನ್ನು ನೋಡುತ್ತಾಳೆ, ವೈನಿ ನೋಡುತ್ತಾಳೆ, ಆಕೆಯ ತಂದೆ ಪೇಪರು ಇಳಿಸಿ ನೋಡುತ್ತಾರೆ. ನಿಮ್ಮ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿದೆ. ಇಡೀ ರಾತ್ರಿ ಯೋಚಿಸಿದ ಒಂದು ಮಾತೂ ನೆನಪಿಗೆ ಬರುವುದಿಲ್ಲ. ಬಂದರೂ ಇಲ್ಲಿ ಆಡುವ ಹಾಗಿಲ್ಲ. ಆಡಿದರೆ ಫೋನಿನಲ್ಲಿ ಹಾಗೆ ಅಂದವಳು ಯಾರು ಎಂಬುದು ಎಲ್ಲರಿಗೂ ತಿಳಿಯುತ್ತದೆ. ನೀವು ಸುಮ್ಮನಿರುವುದನ್ನು ಆರಿಸಿಕೊಳ್ಳುತ್ತೀರಿ. ತಲೆಕೆಟ್ಟವನು ಎಂದುಕೊಂಡರೂ ಸರಿ.

"ನಾನ ಹೇಳಿದ್ದೆ ಅತ್ತಿ, ನಂಗ ಒಂದು ಒಂಟಿ ಬೇಕು ಅಂತ."

ಗೋಡೆಯ ಕಡೆಯಿಂದ ಬಂದ ಧ್ವನಿ. ಆಕೆ ಮುಂದೆ ಬಂದು ಅತ್ತೆಯ ಅಂಗೈಯಿಂದ ಒಂಟೆಯನ್ನು ಎತ್ತಿಕೊಳ್ಳುತ್ತಾಳೆ, ಡುಬ್ಬ ಹಿಡಿದು, ಕಾಲಿಗೆ ಪೆಟ್ಟಾಗದಂತೆ. ಕೆನ್ನೆ ಕೆಂಪೇರಿದೆ, ಆದರೆ ಕಣ್ಣು ನೇರವಾಗಿ ನಿಮ್ಮ ಮೇಲಿದೆ. ಅತ್ತೆ ಒಮ್ಮೆ ಆಕೆಯನ್ನು, ಒಮ್ಮೆ ನಿಮ್ಮ ಎತ್ತರವನ್ನು ಅಳೆಯುತ್ತಾರೆ. ಅವರಿಗೆ ತಿಳಿಯಿತೋ ಏನೋ. "ಹುಡುಗೂರು," ಎಂದು ಮುಂದಿನ ಗಿಳಿಯನ್ನು ಎತ್ತಿಕೊಳ್ಳುತ್ತಾರೆ.

ಸಂಜೆ ಆಕೆ ಹೊಸ ಸೀರೆಯುಟ್ಟು, ದಂಡೆ ಮುಡಿದು, ಆರತಿಯ ತಟ್ಟೆ ಹಿಡಿದು ಹೊರಡುತ್ತಾಳೆ. ಗೋಪುರದ ಮುಂದೆ ದೀಪಗಳು, ಸುತ್ತ ಆನೆ, ಗಿಳಿ. ಒಂಟೆ ತಟ್ಟೆಯಲ್ಲಿಲ್ಲ. ಬೆಳಗಿ ಬಂದ ಮೇಲೆ ಗೊಂಬೆಗಳನ್ನು ಒಡೆದು ಓಣಿಯ ಮಕ್ಕಳಿಗೆಲ್ಲ ಹಂಚುತ್ತಾರೆ. ಗಲಾಟೆಯ ನಡುವೆ ಆಕೆ ನಿಮಗೆ ನೀರು ಕೊಡುವ ನೆಪದಲ್ಲಿ ಜಗುಲಿಗೆ ಬರುತ್ತಾಳೆ. ಇನ್ನೊಂದು ಕೈಯಲ್ಲಿ, ಸೆರಗಿನ ಕೆಳಗೆ, ಒಂಟೆ.

"ಈ ಕಾಲಿಗೆ ಏನಾಗೈತ್ರೀ?"

"ಮುರದಿತ್ರೀ."

"ಯಾರು ಕೂಡಿಸ್ಯಾರ?"

ನೀವು ಹೆಬ್ಬೆರಳು ತೋರಿಸುತ್ತೀರಿ. ಬೊಬ್ಬೆ ಒಡೆದು ಚರ್ಮ ಸುಕ್ಕಾಗಿದೆ. ಆಕೆ ಅದನ್ನು ನೋಡುತ್ತಾಳೆ, ಒಂಟೆಯ ಗಂಟು ಮೊಣಕಾಲನ್ನು ನೋಡುತ್ತಾಳೆ. ಮೂರು ಸರಿಯಾದ ಕಾಲುಗಳನ್ನು ಬಿಟ್ಟು ಆ ಗಂಟಿನ ಮೇಲೇ ಹಲ್ಲಿಟ್ಟು ಕಚ್ಚುತ್ತಾಳೆ. ಕಟಕ್ ಎನ್ನುತ್ತದೆ. ಅಗಿಯುತ್ತಾ, ಬಾಯಿ ತುಂಬ ಸಕ್ಕರೆ ಇಟ್ಟುಕೊಂಡೇ ಹೇಳುತ್ತಾಳೆ: "ಉಳಿದದ್ದು ಮದುವಿ ತನಕ ಇಡತೀನಿ. ಇರುವಿ ಹತ್ತಲಾರದಂಗ ಹೆಂಗ ಇಡಬೇಕು, ಆಯಿನ್ನ ಕೇಳಿ ನಾಳೆ ಫೋನ್ ಮಾಡ್ರಿ."